ಹಾಸಿಗೆಯ ಲೆಕ್ಕ

ಹಾಜರಿ ಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು ಎರಡೇ ಅಕ್ಷರ. ಇದ್ದವರಿಗೆ ‘ಹಾ’, ಇಲ್ಲದವರಿಗೆ ‘ಗೈ’. ಅಡ್ಡಕ್ಕೆ ತಿಂಗಳ ಮೂವತ್ತೊಂದು ಮನೆ, ಕೆಳಕ್ಕೆ ಇಪ್ಪತ್ತು ಸಾಲು. ಸಾಲಿನ ಮೊದಲಿಗೆ ಹಾಸಿಗೆಯ ನಂಬರು, ಅದರ ಪಕ್ಕ ಹೆಸರು. ನಂಬರನ್ನು ಇಂಕಿನಲ್ಲಿ ಬರೆಯಬೇಕು, ಹೆಸರನ್ನು ಪೆನ್ಸಿಲ್‌ನಲ್ಲಿ ಅಂತ ನನಗಿಂತ ಮೊದಲಿದ್ದವರು ಹೇಳಿಕೊಟ್ಟಿದ್ದರು. ಜನ ಬರುತ್ತಾರೆ, ಹೋಗುತ್ತಾರೆ, ಹಾಸಿಗೆ ಇದ್ದೇ ಇರುತ್ತಲ್ಲ. ಆಗ ನನಗೆ ಇದರಲ್ಲಿ ತಮಾಷೆಯೂ ಕಾಣಲಿಲ್ಲ, ತಪ್ಪೂ ಕಾಣಲಿಲ್ಲ. ಅಳಿಸಿ ಬರೆಯಲು ಅನುಕೂಲ ಅನಿಸಿತು, ಅಷ್ಟೆ.

ಅದು ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರ ಹೋಮ್. (ಕಾಗದಪತ್ರಗಳಲ್ಲಿ ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು ಅಂತ ಇವರ ಹೆಸರು ಬದಲಾಗುತ್ತಲೇ ಇರುತ್ತದೆ. ಅದೇ ವೇಗದಲ್ಲಿ ಅನುದಾನದ ದರ ಬದಲಾದದ್ದನ್ನು ನಾನು ಕಂಡಿಲ್ಲ.) ಇಪ್ಪತ್ತು ಜನ ಗಂಡಸರು, ಉದ್ದನೆಯ ಎರಡು ಕೋಣೆ, ಸಂಜೆ ಏಳಕ್ಕೆ ಹೊರಗಿನಿಂದ ಬೀಗ ಬೀಳುವ ಒಂದು ಗೇಟು. ಬೀಗದ ಕೈ ವಾಚ್‌ಮನ್ ಸೊಂಟದಲ್ಲಿ. ಹನ್ನೊಂದನೇ ಹಾಸಿಗೆಯವರು ನಲವತ್ತರ ಆಸುಪಾಸಿನವರು. ಬೆಳಿಗ್ಗೆ ನಾನು ಆಫೀಸಿನ ಕಿಟಕಿ ತೆರೆಯುವುದನ್ನೇ ಕಾಯುತ್ತ ನಿಂತಿರುತ್ತಿದ್ದರು. ಒಂದು ಪೆನ್ಸಿಲ್, ಒಂದು ಶಾರ್ಪನರ್ ಕೊಟ್ಟರೆ ಸಾಕು. ಸಿಪ್ಪೆ ಎಲ್ಲೂ ತುಂಡಾಗದ ಹಾಗೆ, ಉಸಿರು ಬಿಗಿಹಿಡಿದು ಹೆರೆಯುತ್ತಿದ್ದರು. ಅವರ ಸಾಲಿನಲ್ಲಿ ನಾನು ‘ಹಾ’ ಬರೆದ ಕೂಡಲೇ ಕಿಟಕಿಯ ಆಚೆಯಿಂದ ದೊಡ್ಡದಾಗಿ “ಹಾ!” ಅಂತ ಕೂಗಿ ತಾವೇ ನಗುತ್ತಿದ್ದರು.

ಪ್ರತಿ ‘ಹಾ’ಗೆ ಒಂದು ದಿನದ ಅನುದಾನ. ‘ಗೈ’ಗೆ ಏನೂ ಇಲ್ಲ. ಊರಿಗೆ ಹೋಗಿ ಬರಲಿ ಅಂತ ಮೂರು ತಿಂಗಳಿಗೆ ಹತ್ತು ದಿನದ ರಿಯಾಯಿತಿ ಇತ್ತು. ಅದು ಮೀರಿದರೆ ಆ ಹಾಸಿಗೆಯ ದುಡ್ಡು ನಿಂತಂತೆ. ಹನ್ನೊಂದನೆಯವರ ತಂಗಿಯ ಮದುವೆ ಗೊತ್ತಾದಾಗ ಅವರ ತಾಯಿ ಮೂರು ವಾರಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಬಂದರು. ವಾರ್ಡನ್ ಅವರನ್ನು ನನ್ನ ಹತ್ತಿರ ಕಳಿಸಿದರು. ಅಪ್ರಿಯವಾದದ್ದನ್ನು ಲೆಕ್ಕದವನ ಬಾಯಿಂದ ಹೇಳಿಸುವುದು ಎಲ್ಲ ಕಡೆ ಇರುವ ರೂಢಿ.

“ಅಮ್ಮಾ, ಆರು ದಿನ ಬಾಕಿ ಇದೆ. ಅದರ ಮೇಲೆ ಆದರೆ ಕಷ್ಟ,” ಅಂದೆ.

“ಅವನು ಇಲ್ಲದ ದಿನ ಅವನ ಊಟ ಉಳಿಯತ್ತೆ, ಸೋಪು ಉಳಿಯತ್ತೆ. ನಿಮಗೆ ಏನಪ್ಪಾ ನಷ್ಟ?”

ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಎದುರಿನ ಖಾತೆ ಪುಸ್ತಕದಲ್ಲೇ ಇತ್ತು, ಆದರೆ ಒಬ್ಬ ತಾಯಿಗೆ ಹೇಳುವಂಥದ್ದಲ್ಲ. ಇಂಥ ಹೋಮ್‌ನ ಖರ್ಚಿನಲ್ಲಿ ಊಟ, ಸೋಪಿನ ಪಾಲು ಸಣ್ಣದು. ದೊಡ್ಡ ಪಾಲು ಸಂಬಳ. ರಾತ್ರಿಪಾಳಿಯವರು ಇಪ್ಪತ್ತು ಜನರಿಗೂ ಎಚ್ಚರ ಇರಬೇಕು, ಹತ್ತೊಂಬತ್ತು ಜನರಿಗೂ ಎಚ್ಚರ ಇರಬೇಕು. ಕಟ್ಟಡದ ಬಾಡಿಗೆ ಒಂದು ಹಾಸಿಗೆ ಖಾಲಿಯಾಯಿತು ಅಂತ ಕಡಿಮೆಯಾಗುವುದಿಲ್ಲ. ಮಗ ಊರಿಗೆ ಹೋದರೆ ಖರ್ಚು ಹಾಗೆಯೇ ನಿಲ್ಲುತ್ತದೆ, ವರಮಾನ ಮಾತ್ರ ಹೋಗುತ್ತದೆ. ಆರನೇ ದಿನದ ಸಂಜೆ ಆಕೆ ಮಗನನ್ನು ವಾಪಸು ತಂದು ಬಿಟ್ಟರು. ಮದುವೆ ಮುಗಿದಿತ್ತು, ಮನೆ ತುಂಬ ನೆಂಟರು ಇನ್ನೂ ಇದ್ದರಂತೆ. ಹೊಸ ಅಂಗಿ ಹಾಕಿಕೊಂಡೇ ಬಂದಿದ್ದರು ಹನ್ನೊಂದನೆಯವರು. ಮರುದಿನ ಬೆಳಿಗ್ಗೆ ಕಿಟಕಿಗೆ ಬಂದರು, ಆದರೆ “ಹಾ” ಅನ್ನಲಿಲ್ಲ.

ಆ ವರ್ಷ ಆಡಿಟ್‌ಗೆ ಬಂದವರು ನಮ್ಮ ಪುಸ್ತಕ ತಿರುವಿ ಹಾಕಿ, “ಹಾಜರಾತಿ ತುಂಬ ಚೆನ್ನಾಗಿದೆ” ಅಂತ ಷರಾ ಬರೆದರು. ಚೆನ್ನಾಗಿದೆ ಅಂದರೆ ಯಾರೂ ಮನೆಗೆ ಹೋಗಿಲ್ಲ ಅಂತ. ಆ ಷರಾ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ವಾರ್ಡನ್ ಒಳ್ಳೆಯವರು, ಅನುದಾನ ಕೊಡುವ ಕಚೇರಿಯವರು ಲಂಚ ಕೇಳುತ್ತಿರಲಿಲ್ಲ, ಆಡಿಟರು ತಮ್ಮ ಕೆಲಸ ಮಾಡಿದ್ದರು. ದುಡ್ಡನ್ನು ಹಾಸಿಗೆಗೆ ಕಟ್ಟಿದ್ದರು, ಮಿಕ್ಕಿದ್ದೆಲ್ಲ ತಾನಾಗಿಯೇ ಆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಕಾಲೂ ಹಾಸಿಗೆಯ ಲೆಕ್ಕಕ್ಕೇ ಸೇರಿತ್ತು.

ಆಮೇಲೆ ಈ ವಿಷಯವನ್ನು ಓದುತ್ತ ಹೋದಾಗ ತಿಳಿಯಿತು, ಇದು ನಮ್ಮ ಪುಸ್ತಕದ ದೋಷ ಮಾತ್ರ ಅಲ್ಲ ಅಂತ. ಸಾರ್ವಜನಿಕ ಹಣ ಯಾವುದನ್ನು ಎಣಿಸುತ್ತದೋ ಬದುಕು ಅದರ ಆಕಾರಕ್ಕೆ ಬರುತ್ತದೆ. ಇದನ್ನು ಮೊದಲು ಕಂಡುಕೊಂಡವರು ಅರ್ಥಶಾಸ್ತ್ರಜ್ಞರಲ್ಲ, ಹಾಸಿಗೆಯಲ್ಲಿ ಮಲಗಿದ್ದವರೇ. ನನಗೆ ಬಹಳ ಇಷ್ಟವಾದ ಕತೆ ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನದು. ಅಲ್ಲಿ ಲೆ ಕೋರ್ಟ್ ಅನ್ನುವ ಹೋಮ್ ಇತ್ತು. ಲೆನಾರ್ಡ್ ಚೆಷೈರ್ 1948ರಲ್ಲಿ ಶುರುಮಾಡಿದ್ದು, ಮುಂದೆ ಅಂಥ ನೂರಾರು ಮನೆಗಳಿಗೆ ಮೂಲವಾದದ್ದು. ದೈಹಿಕ ಅಂಗವೈಕಲ್ಯ ಇದ್ದವರು ಅಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. ಅಲ್ಲಿ ಇದ್ದು ಹೊರಬಂದಿದ್ದ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಪತ್ರ ಬರೆದರು. ಸಂಸ್ಥೆಗಳಲ್ಲಿ ಇರುವವರ ಮಾತನ್ನು ಯಾರೂ ಕೇಳುತ್ತಿಲ್ಲ, ನಾವೇ ಒಟ್ಟಾಗೋಣ ಅನ್ನುವುದು ಅದರ ಸಾರ. ಆ ಪತ್ರದಿಂದ ಒಂದು ಸಂಘಟನೆಯೇ ಹುಟ್ಟಿತು. ನನ್ನ ಲೆಕ್ಕದ ಬುದ್ಧಿಗೆ ಹಿಡಿಸಿದ್ದು ಮಾತ್ರ ಅದರ ನಂತರ ನಡೆದದ್ದು.

1979ರಲ್ಲಿ ಅದೇ ಲೆ ಕೋರ್ಟ್‌ನ ಕೆಲವು ನಿವಾಸಿಗಳು, ಜಾನ್ ಎವಾನ್ಸ್ ಮತ್ತು ಅವರ ಜೊತೆಗಾರರು, ಸ್ಥಳೀಯ ಆಡಳಿತಕ್ಕೆ ಒಂದು ಸೀದಾ ಪ್ರಶ್ನೆ ಹಾಕಿದರು. ನನ್ನನ್ನು ಇಲ್ಲಿ ಇಟ್ಟುಕೊಳ್ಳಲು ನೀವು ಈ ಹೋಮ್‌ಗೆ ದುಡ್ಡು ಕಟ್ಟುತ್ತಿದ್ದೀರಿ, ಅದೇ ದುಡ್ಡನ್ನು ನನ್ನ ಕೈಗೆ ಕೊಡಿ, ನಾನು ಸ್ವಂತ ಮನೆ ಮಾಡಿಕೊಂಡು ಸಹಾಯಕರನ್ನು ನಾನೇ ಇಟ್ಟುಕೊಳ್ಳುತ್ತೇನೆ. 1981 ವಿಶ್ವಸಂಸ್ಥೆಯ ಅಂಗವಿಕಲರ ವರ್ಷ. ಅದನ್ನೇ ಗುರಿಯಾಗಿಟ್ಟುಕೊಂಡು ಈ ಪ್ರಯತ್ನಕ್ಕೆ ‘ಪ್ರಾಜೆಕ್ಟ್ 81’ ಅಂತ ಹೆಸರಿಟ್ಟರು. ತೊಡಕು ಇದ್ದದ್ದು ಕಾನೂನಿನಲ್ಲಿ. ಅಂಗವಿಕಲರ ಕೈಗೆ ಸ್ಥಳೀಯ ಆಡಳಿತ ನಗದು ಕೊಡುವಂತಿರಲಿಲ್ಲ, ಸೇವೆ ಮಾತ್ರ ಕೊಡಬಹುದಿತ್ತು. ಉಪಾಯ ಹೊಳೆಯಿತು: ದುಡ್ಡು ಮೊದಲಿನ ಹಾಗೆ ಮಧ್ಯದಲ್ಲಿರುವ ಸಂಸ್ಥೆಗೇ ಹೋಗಲಿ, ಅಲ್ಲಿಂದ ಆ ವ್ಯಕ್ತಿಗೆ ಬರಲಿ. ಕಾಗದದಲ್ಲಿ ಹೋಮ್‌ನ ಖರ್ಚು, ನಿಜದಲ್ಲಿ ಮನೆಯ ಖರ್ಚು. ಇದನ್ನು ಓದಿ ನಾನು ಒಬ್ಬನೇ ನಕ್ಕಿದ್ದೆ. ಲೆಕ್ಕದವರಿಗೆ ಮನಸ್ಸಿದ್ದರೆ ಎಂಥ ದಾರಿ ಸಿಗುತ್ತದೆ ನೋಡಿ! ನೇರವಾಗಿ ನಗದು ಕೊಡಲು ಅಲ್ಲಿ ಕಾನೂನು ಬಂದದ್ದು 1996ರಲ್ಲಿ.

ಇದಕ್ಕೆ ತಲೆಕೆಳಗಾದ ಕತೆ ಅಮೆರಿಕದ್ದು. 1965ರಲ್ಲಿ ಅಲ್ಲಿ ಮೆಡಿಕೈಡ್ ಬಂತು, ಬಡವರ ಮತ್ತು ಅಂಗವಿಕಲರ ವೈದ್ಯಕೀಯ ಖರ್ಚಿಗೆ ಕೇಂದ್ರ ಮತ್ತು ರಾಜ್ಯಗಳು ಸೇರಿ ಕೊಡುವ ಹಣ. 1971ರಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ದೊಡ್ಡ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿದರು. ಉದ್ದೇಶ ಒಳ್ಳೆಯದೇ. ಆ ಕಾಲದ ಸಂಸ್ಥೆಗಳ ಸ್ಥಿತಿ ಹೇಳತೀರದು. ನ್ಯೂಯಾರ್ಕಿನ ವಿಲೋಬ್ರೂಕ್ 4,000 ಜನರಿಗೆ ಅಂತ ಕಟ್ಟಿದ್ದು, 1960ರ ದಶಕದಲ್ಲಿ ಅಲ್ಲಿ ಸುಮಾರು 6,000 ಜನರನ್ನು ತುಂಬಿದ್ದರು. 1972ರಲ್ಲಿ ಟೀವಿ ಕ್ಯಾಮೆರಾ ಒಳಗೆ ಹೋದಮೇಲೆ ದೇಶವೇ ಬೆಚ್ಚಿಬಿತ್ತು, ಬಾಗಿಲು ಮುಚ್ಚಿದ್ದು ಮಾತ್ರ 1987ರಲ್ಲಿ. ಹೊಸ ಹಣದ ಜೊತೆ ಗುಣಮಟ್ಟದ ನಿಯಮಗಳೂ ಬಂದವು. ಖರ್ಚಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಕೇಂದ್ರವೇ ಕೊಡುತ್ತದೆ ಅಂದಾಗ ರಾಜ್ಯಗಳು ಯಾವ ಕಡೆ ವಾಲುತ್ತವೆ? ಸಂಸ್ಥೆಯ ಒಳಗಿದ್ದವರಿಗೆ ದುಡ್ಡು, ಮನೆಯಲ್ಲಿದ್ದವರಿಗೆ ಇಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದಕ್ಕೆ ಕೇಟಿ ಬೆಕೆಟ್ ಅನ್ನುವ ಮಗು ಸಾಕ್ಷಿ. 1978ರಲ್ಲಿ ಅಯೋವಾದಲ್ಲಿ ಹುಟ್ಟಿದವಳು, ಕೂಸಾಗಿದ್ದಾಗಲೇ ಮಿದುಳಿಗೆ ಸೋಂಕು ತಗುಲಿ ಉಸಿರಾಟದ ಯಂತ್ರ ಬೇಕಾಯಿತು. ಮೂರು ವರ್ಷ ಆಗುವಷ್ಟರಲ್ಲಿ ಮನೆಗೆ ಕಳಿಸಬಹುದು ಅಂತ ವೈದ್ಯರು ಹೇಳಿದರು. ಮನೆಯಲ್ಲಿ ನೋಡಿಕೊಳ್ಳುವ ಖರ್ಚು ಆಸ್ಪತ್ರೆಗಿಂತ ಎಷ್ಟೋ ಕಡಿಮೆ. ಆದರೂ ಕಳಿಸುವಂತಿರಲಿಲ್ಲ. ಮಗು ಆಸ್ಪತ್ರೆಯಲ್ಲಿದ್ದರೆ ತಂದೆತಾಯಿಯ ಆದಾಯವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಮನೆಗೆ ಬಂದರೆ ಹಿಡಿಯುತ್ತಿದ್ದರು. ಹಿಡಿದ ಕೂಡಲೇ ನೆರವು ನಿಲ್ಲುತ್ತಿತ್ತು. 1981ರ ನವೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ಮಗುವಿನ ವಿಷಯ ಎತ್ತಿದರು. ಮುಂದಿನ ತಿಂಗಳು ಮಗು ಮನೆಗೆ ಬಂತು. ಅದೇ ವರ್ಷ, ಸಂಸ್ಥೆಗೆ ಹೋಗುವ ಹಣವನ್ನು ಮನೆಯ ಆರೈಕೆಗೂ ಬಳಸಲು ರಾಜ್ಯಗಳಿಗೆ ಕಾನೂನಿನಲ್ಲಿ ವಿನಾಯಿತಿಯ ದಾರಿ ತೆರೆಯಿತು. ವಿನಾಯಿತಿ ಅನ್ನುವ ಪದವನ್ನು ಗಮನಿಸಿ. ನರ್ಸಿಂಗ್ ಹೋಮಿನ ಖರ್ಚನ್ನು ಕೊಡುವುದು ಇವತ್ತಿಗೂ ರಾಜ್ಯಗಳಿಗೆ ಕಡ್ಡಾಯ, ಮನೆಯ ಆರೈಕೆಯ ಬಹುಭಾಗ ಐಚ್ಛಿಕ. ಐಚ್ಛಿಕವಾದದ್ದಕ್ಕೆ ಸರತಿ ಇರುತ್ತದೆ, ಅಲ್ಲಿ ಲಕ್ಷಗಟ್ಟಲೆ ಜನ ಕಾಯುತ್ತಿದ್ದಾರೆ. ದೀರ್ಘಕಾಲದ ಆರೈಕೆಗೆ ಹೋಗುವ ಮೆಡಿಕೈಡ್ ಹಣದಲ್ಲಿ ಮನೆ ಮತ್ತು ಸಮುದಾಯದ ಪಾಲು ಸಂಸ್ಥೆಗಳ ಪಾಲನ್ನು ದಾಟಿದ್ದು 2013ರಲ್ಲಿ. ಆ ಮಗು ಮನೆಗೆ ಬಂದು ಮೂವತ್ತೆರಡು ವರ್ಷದ ನಂತರ. ಕೇಟಿ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು, ಮೂವತ್ತನಾಲ್ಕನೇ ವಯಸ್ಸಿಗೆ.

ಹಾಗಾದರೆ ದುಡ್ಡನ್ನು ಹಾಸಿಗೆಯಿಂದ ಬಿಚ್ಚಿ ಮನುಷ್ಯನಿಗೆ ಕಟ್ಟಿದರೆ ಎಲ್ಲ ಸರಿಹೋಗುತ್ತದಾ? ಸುಮಾರು ವರ್ಷ ನಾನೂ ಹಾಗೇ ನಂಬಿದ್ದೆ. ಆಸ್ಟ್ರೇಲಿಯಾ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯ ಬಗ್ಗೆ ಓದಿ ಖುಷಿಪಟ್ಟಿದ್ದೆ. ಅಲ್ಲಿ ಅನುದಾನ ಸಂಸ್ಥೆಗಲ್ಲ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಯೋಜನೆ, ಅದರೊಳಗೆ ಅವರವರಿಗೆ ಬೇಕಾದ ಸಹಾಯದ ಹಣ. ಕೇಳಲು ಎಷ್ಟು ಚೆಂದ! ಆದರೆ ಇಪ್ಪತ್ನಾಲ್ಕು ಗಂಟೆಯೂ ಯಾರಾದರೂ ಬೇಕು ಅನ್ನುವವರ ವಿಷಯದಲ್ಲಿ ಗಣಿತ ಬಿಡುವುದಿಲ್ಲ. ಒಬ್ಬರಿಗೆ ಒಬ್ಬ ಸಹಾಯಕ ಅಂದರೆ ಮೂರು ಪಾಳಿ, ವಾರದ ರಜೆ, ಕಾಯಿಲೆ ಅಂತ ಸೇರಿಸಿದರೆ ನಾಲ್ಕೈದು ಸಂಬಳ. ಅದಕ್ಕೇ ಸಹಾಯವನ್ನು ಹಂಚುತ್ತಾರೆ. ಹಂಚಬೇಕು ಅಂದರೆ ಒಂದೇ ಸೂರಿನಡಿ ಇರಬೇಕು. ಅಲ್ಲಿಗೆ ಹೋಮ್ ಹಿಂಬಾಗಿಲಿನಿಂದ ಒಳಗೆ ಬಂತು, ಇಪ್ಪತ್ತು ಹಾಸಿಗೆಯದರ ಬದಲು ಮೂರು, ನಾಲ್ಕು, ಐದರದು. ಯಾರ ಜೊತೆ ಇರಬೇಕು ಅನ್ನುವುದನ್ನು ಅವರು ಆರಿಸಿಕೊಂಡಿರುವುದಿಲ್ಲ, ಎಲ್ಲಿ ಜಾಗ ಖಾಲಿಯಾಯಿತೋ ಅಲ್ಲಿಗೆ. ಅಂಗವಿಕಲರ ಮೇಲಿನ ಹಿಂಸೆ, ನಿರ್ಲಕ್ಷ್ಯದ ಬಗ್ಗೆ ಅಲ್ಲಿ ಕೂತ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, 2023ರಲ್ಲಿ 222 ಶಿಫಾರಸು ಕೊಟ್ಟಿತು. ಈ ಗುಂಪುಮನೆಗಳನ್ನು 15 ವರ್ಷದೊಳಗೆ ಇಲ್ಲವಾಗಿಸಬೇಕು ಅಂತ ಕೆಲವು ಸದಸ್ಯರು ಹೇಳಿದರು, ಆ ಗಡುವಿಗೆ ಎಲ್ಲರೂ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ವಿಮಾ ಯೋಜನೆಯ ಮರುಪರಿಶೀಲನೆಯ ವರದಿ ಬಂತು. ಹಗಲೂ ರಾತ್ರಿ ಸಹಾಯ ಬೇಕಾದವರಿಗೆ ಸಾಮಾನ್ಯವಾಗಿ ಮೂವರಿಗೆ ಒಬ್ಬ ಸಹಾಯಕನ ಲೆಕ್ಕದಲ್ಲಿ ಹಣ ಕೊಡಿ ಅನ್ನುವುದು ಅದರ ಸಲಹೆ. ಮೂವರಿಗೆ ಒಬ್ಬ. ಈ ಅನುಪಾತದ ವಿಷಯಕ್ಕೆ ಆಮೇಲೆ ಬರುತ್ತೇನೆ.

ವ್ಯಕ್ತಿಯ ಕೈಗೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದೂ ಸುಲಭ, ಇದನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ತೀವ್ರ ಅಂಗವೈಕಲ್ಯ ಇರುವವರಿಗಾಗಿ 1988ರಲ್ಲಿ ಮಾಡಿದ ಸ್ವತಂತ್ರ ಬದುಕಿನ ನಿಧಿಯನ್ನು 2015ರ ಜೂನ್ 30ಕ್ಕೆ ಮುಚ್ಚಿ, ಇಂಗ್ಲೆಂಡಿನಲ್ಲಿ ಜವಾಬ್ದಾರಿಯನ್ನು ಸ್ಥಳೀಯ ಆಡಳಿತಗಳ ತಲೆಗೆ ಕಟ್ಟಿದರು. ಕಟ್ಟಡವನ್ನು ಮುಚ್ಚಿದರೆ ಊರಿಗೇ ಕಾಣುತ್ತದೆ. ಹರಡಿಕೊಂಡಿರುವ ಸಾವಿರಾರು ಮನೆಗಳಲ್ಲಿ ಸಹಾಯಕರ ಗಂಟೆಗಳನ್ನು ಒಂದೊಂದಾಗಿ ಕಡಿತ ಮಾಡಿದರೆ ಆಯಾ ಮನೆಯವರಿಗಷ್ಟೇ ಗೊತ್ತಾಗುತ್ತದೆ.

ಸಭೆಗಳಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಎದ್ದು “ಚೆನ್ನಾಗಿದೆ ಸಾರ್, ಆದರೆ ಸಮುದಾಯದಲ್ಲಿ ನೋಡಿಕೊಳ್ಳುವುದು ದುಬಾರಿ ಅಲ್ವಾ?” ಅನ್ನುತ್ತಾರೆ. ಬ್ರಿಟನ್ನಿನ ಸಂಶೋಧಕ ಜಿಮ್ ಮ್ಯಾನ್ಸೆಲ್ ಮತ್ತು ಸಂಗಡಿಗರು 2007ರಲ್ಲಿ ಯುರೋಪಿನ 28 ದೇಶಗಳ ಲೆಕ್ಕ ಹಾಕಿದ್ದರು. ಹನ್ನೆರಡು ಲಕ್ಷದ ಹತ್ತಿರ ಹತ್ತಿರ ಜನ ಆಗ ಸಂಸ್ಥೆಗಳಲ್ಲಿದ್ದರು. ಅಗತ್ಯವೂ ಗುಣಮಟ್ಟವೂ ಸರಿಸಮ ಇರುವ ಕಡೆ ಹೋಲಿಸಿದರೆ, ಸಮುದಾಯದ ಆರೈಕೆ ಸ್ವಭಾವತಃ ದುಬಾರಿ ಅನ್ನುವುದಕ್ಕೆ ಆಧಾರವಿಲ್ಲ ಅಂತ ಅವರ ತೀರ್ಮಾನ. ಸಂಸ್ಥೆ ಅಗ್ಗವಾಗಿ ಕಂಡರೆ, ಅಲ್ಲಿ ಕೊಡಬೇಕಾದ್ದನ್ನು ಕೊಡುತ್ತಿಲ್ಲ ಅಂತಲೇ ಅರ್ಥ. ನನ್ನ ಖಾತೆ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಇಪ್ಪತ್ತು ಜನರಿಗೆ ರಾತ್ರಿ ಒಬ್ಬರೇ ಇದ್ದದ್ದರಿಂದ ನಮ್ಮ ದರ ಕಡಿಮೆ. ಆ ಒಬ್ಬರು ಎಷ್ಟು ಜನರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬಲ್ಲರು? ಮಿಕ್ಕವರು ಒದ್ದೆಯಲ್ಲೇ ಮಲಗಿರುತ್ತಿದ್ದರು. ಈ ಸಾಲಿಗೆ ನಮ್ಮ ಖಾತೆಯಲ್ಲಿ ಶೀರ್ಷಿಕೆ ಇರಲಿಲ್ಲ.

ದುಬಾರಿ ಆಗುವುದು ಸಂಸ್ಥೆಯಿಂದ ಮನೆಗಳಿಗೆ ದಾಟುವ ಹೊತ್ತು. ಹಳೆಯ ಕಟ್ಟಡದಲ್ಲಿ ಕೊನೆಯ ಐದು ಜನ ಉಳಿದಿದ್ದರೂ ಬಾಯ್ಲರ್ ಉರಿಯಬೇಕು, ಅಡುಗೆಯವರು ಬೇಕು, ಕಾವಲು ಬೇಕು. ಅತ್ತ ಹೊಸ ಮನೆಗಳ ಖರ್ಚೂ ಶುರುವಾಗಿರುತ್ತದೆ. ಎರಡು ಸಂಸಾರ ತೂಗಿಸುವ ಈ ಕೆಲವು ವರ್ಷಕ್ಕೆ ಪ್ರತ್ಯೇಕವಾಗಿ ಹಣ ಎತ್ತಿಡದ ಕಡೆಗಳಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ. ಸ್ವೀಡನ್ 1994ರಲ್ಲಿ ಸಹಾಯವನ್ನು ಹಕ್ಕು ಅಂತ ಕಾನೂನು ಮಾಡಿತು. ಆಮೇಲೆ 1997ರಲ್ಲಿ ಇನ್ನೊಂದು ಕಾನೂನು ತಂದು, ಉಳಿದ ಸಂಸ್ಥೆಗಳು 1999ರ ಕೊನೆಯ ದಿನದೊಳಗೆ ಮುಚ್ಚಬೇಕು ಅಂತ ತಾರೀಕು ಹಾಕಿತು. ತಾರೀಕಿಲ್ಲದ ಆಶಯಕ್ಕೆ ಬಜೆಟ್ ಸಿಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಜರ್ಮನಿಯದು ಇನ್ನೊಂದು ಬಗೆ. 2020ರ ಜನವರಿಯಿಂದ ವಸತಿ ಮತ್ತು ಹೊಟ್ಟೆಪಾಡಿನ ಹಣವನ್ನೂ ಸಹಾಯದ ಹಣವನ್ನೂ ಬೇರೆಬೇರೆ ಮಾಡಿದರು. ಒಣ ಆಡಳಿತದ ಮಾತಿನಂತೆ ಕಾಣುತ್ತದೆ, ನನಗೆ ಅದು ದೊಡ್ಡ ಸಂಗತಿ. ಮನೆ ಬೇರೆ, ಸಹಾಯ ಬೇರೆ ಆದಾಗ ಸಹಾಯಕರ ಸಂಸ್ಥೆ ಸರಿಯಿಲ್ಲ ಅಂತ ಬದಲಾಯಿಸಿದರೂ ಮನೆ ಬಿಡಬೇಕಾಗಿಲ್ಲ, ಮನೆ ಬದಲಾಯಿಸಿದರೂ ಕೈಹಿಡಿದು ನಡೆಸುವವರನ್ನು ಕಳೆದುಕೊಳ್ಳಬೇಕಾಗಿಲ್ಲ. ಎಲ್ಲಿ, ಯಾರ ಜೊತೆ ಇರಬೇಕು ಅನ್ನುವ ಆಯ್ಕೆ ಅವರದೇ ಅಂತ ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ. ಒಂದೇ ಬಿಲ್ಲಿನಲ್ಲಿ ಸೂರು ಮತ್ತು ಸಹಾಯ ಎರಡೂ ಇದ್ದರೆ ಆ ಆಯ್ಕೆ ಎಲ್ಲಿಂದ ಬರಬೇಕು?

ಹನ್ನೊಂದನೆಯವರ ತಾಯಿ ಆವತ್ತು ಹೊರಡುವಾಗ ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದ್ದರು. “ನಾನಿರೋವರೆಗೆ ಆರು ದಿನಾನೋ ಹತ್ತು ದಿನಾನೋ ಕರಕೊಂಡು ಹೋಗ್ತೀನಿ. ಆಮೇಲೆ?” ಈ ‘ಆಮೇಲೆ’ ಎಲ್ಲ ತಂದೆತಾಯಿಯ ಬಾಯಲ್ಲೂ ಇರುತ್ತದೆ. ಇಟಲಿಯಲ್ಲಿ 2016ರಲ್ಲಿ ಬಂದ ಕಾನೂನಿಗೆ ಜನರ ಬಾಯಲ್ಲಿ ಇರುವ ಹೆಸರೇ ‘ನಮ್ಮ ನಂತರ’. ಪೋಷಕರು ಇಲ್ಲವಾದ ಮೇಲೆ ಮಕ್ಕಳನ್ನು ದೊಡ್ಡ ಸಂಸ್ಥೆಗೆ ಸೇರಿಸದೆ ಸಣ್ಣ ಮನೆಗಳಲ್ಲಿ ಇರಿಸಲು ಮೊದಲ ವರ್ಷಕ್ಕೆ 9 ಕೋಟಿ ಯೂರೊ ನಿಧಿ ಇಟ್ಟರು. ಒಂದು ದೇಶಕ್ಕೆ ಅದು ದೊಡ್ಡ ಮೊತ್ತವೇನಲ್ಲ. ಆದರೂ ಹೆತ್ತವರು ನಡುರಾತ್ರಿ ಒಬ್ಬರಿಗೊಬ್ಬರು ಪಿಸುಗುಟ್ಟುವ ಮಾತು ಕಾನೂನಿನ ಹೆಸರಾದದ್ದು ನನಗೆ ಹಿಡಿಸಿತು.

ಆ ತಾಯಿ ಈಗಿಲ್ಲ. ನಾನು ಕೆಲಸ ಬಿಟ್ಟ ಮೇಲೆ ನಿಯಮ ಬದಲಾಯಿತು, ಆ ದೊಡ್ಡ ಹೋಮ್ ಒಡೆದು ಸಣ್ಣ ಸಣ್ಣ ಮನೆಗಳಾದವು. ಹೋದ ವರ್ಷ ಹನ್ನೊಂದನೆಯವರನ್ನು ನೋಡಲು ಹೋಗಿದ್ದೆ. ಎರಡನೇ ಮಹಡಿಯ ಮನೆ, ಮೂವರು ಗಂಡಸರು, ಪಾಳಿಗೆ ಒಬ್ಬ ಸಹಾಯಕ ಹುಡುಗ. ಬಾಗಿಲು ತೆಗೆದದ್ದು ಅವರೇ. ತಲೆ ಪೂರ್ತಿ ನರೆತಿದೆ. ಕುತ್ತಿಗೆಗೆ ದಾರ ಹಾಕಿ ಒಂದು ಬೀಗದ ಕೈ ನೇತುಹಾಕಿಕೊಂಡಿದ್ದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ, ಬೀಗದ ಕೈಯನ್ನು ಮಾತ್ರ ಎರಡು ಸಲ ಎತ್ತಿ ತೋರಿಸಿದರು. ಈಗ ಹಾಸಿಗೆಯ ನಂಬರಿಲ್ಲ. ಹುಡುಗ ಗೋಡೆಯ ಮೇಲಿನ ಹಾಳೆಯಲ್ಲಿ ಗಂಟೆಗಳನ್ನು ಬರೆಯುತ್ತಾನೆ, ಯಾರಿಗೆ ಎಷ್ಟು ಹೊತ್ತು ಯಾವ ಸಹಾಯ ಅಂತ. ಹೆಸರು ಇಂಕಿನಲ್ಲಿದೆ. ಅದನ್ನು ನೋಡಿ ನನಗೆ ಸಮಾಧಾನವಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಶನಿವಾರ ಸಂಜೆ ಅವರಿಗೆ ರೈಲು ನೋಡಲು ಸ್ಟೇಷನ್ನಿಗೆ ಹೋಗಬೇಕಂತೆ. ಷೂ ಹಾಕಿಕೊಂಡು ಮಧ್ಯಾಹ್ನದಿಂದ ಕೂತಿದ್ದರು. ಆದರೆ ಮೂವರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಹೊರಗಿನ ಗದ್ದಲ ಆಗುವುದಿಲ್ಲ. “ಹೋದರೆ ಮೂವರೂ ಹೋಗಬೇಕು ಸಾರ್, ಇಲ್ಲಾಂದ್ರೆ ಯಾರೂ ಇಲ್ಲ. ನಾನೊಬ್ಬನೇ ಅಲ್ವಾ,” ಅಂದ ಹುಡುಗ. ಹೋದ ಶನಿವಾರವೂ ಹೀಗೇ ಆಯಿತಂತೆ, ಅದರ ಹಿಂದಿನ ಶನಿವಾರವೂ.

ಒಂದು ಗಂಟೆ ನಾನಿರುತ್ತೇನೆ, ನೀವಿಬ್ಬರೂ ಹೋಗಿಬನ್ನಿ ಅಂದೆ. ಹುಡುಗ ಅನುಮಾನಿಸಿದ, ಮೇಲಿನವರಿಗೆ ಫೋನ್ ಮಾಡಿ ಕೇಳಿ ಒಪ್ಪಿದ. ಹನ್ನೊಂದನೆಯವರು ಆಗಲೇ ಹೊಸ್ತಿಲಾಚೆ ಇದ್ದರು. ಬಾಗಿಲು ಮುಚ್ಚಿತು. ಮೆಟ್ಟಿಲು ಇಳಿಯುವ ಸದ್ದಿಗೆ ಕಾದೆ, ಬರಲಿಲ್ಲ. ಅದಕ್ಕೆ ಬದಲು ಹೊರಗಿನಿಂದ ಬೀಗದ ಕೈ ತಿರುಗಿದ ಸದ್ದು, ಒಂದು ಸಲ, ಇನ್ನೊಂದು ಸಲ. ಆಮೇಲೆ ಬಾಗಿಲನ್ನು ಎಳೆದು ನೋಡಿ, ಸರಿಯಾಗಿ ಬಿದ್ದಿದೆ ಅಂತ ಖಾತ್ರಿ ಮಾಡಿಕೊಂಡು, ದೊಡ್ಡದಾಗಿ “ಹಾ!” ಅಂದರು.